ರೋಬೋಗೆ ವಿಭೂತಿ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಹಡಗಲಿಯ ಕೋರ್ಟಿನಲ್ಲಿ ನನ್ನ ಕೇಸು ಕರೆಯುವವರೆಗೂ ವರಾಂಡದಲ್ಲಿ ಅಲೆಯುತ್ತಲೇ ಇರುತ್ತೇನೆ. “ಕುಂಡ್ರಿ ಸಾಹೇಬ್ರ, ನಿಮ್ಮನ್ನ ನೋಡಿ ನಮಗ ಎದಿ ಹೊಡ್ಕೊಳ್ಳಾಕ ಹತ್ತೈತಿ” ಎಂದು ಕಕ್ಷಿದಾರರು ಗೋಗರೆಯುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ಹೆಂಡತಿ ಬೈಯುತ್ತಾಳೆ. ಒಂದು ಕಾಲದಲ್ಲಿ ನಾನು ನಿಜವಾಗಿಯೂ ಚಕ್ರ ಕಟ್ಟುತ್ತಿದ್ದೆ, ರೋಬೋಗೆ.

ಎಂಜಿನಿಯರಿಂಗ್ ಓದುವಾಗ ಶಾರದಾ, ರಫೀಕ, ನಾನು ಸೇರಿ ನಮ್ಮದೊಂದು ರೋಬೋ ತಂಡವಿತ್ತು. ರೋಬೋ ಎಂಬ ಪದದ ಬೇರಿನಲ್ಲಿ ಬಿಟ್ಟಿ ಚಾಕರಿ ಎಂಬ ಅರ್ಥವಿದೆಯಂತೆ. ಇರಬೇಕು, ನಾವು ಮೂವರೂ ಅದಕ್ಕೆ ಮಾಡಿದ್ದು ಅದನ್ನೇ. ಇಷ್ಟಾಗಿಯೂ ಒಬ್ಬರೂ ಎಂಜಿನಿಯರ್ ಆಗಲಿಲ್ಲ. ರೋಬೋ ನಿಲ್ಲಿಸಲಾಗದ ಶಾರದಾ ಈಗ ಪೊಲೀಸ್ ಆಗಿ ಕೂಡ್ಲಿಗಿಯಲ್ಲಿ ಲಾರಿ ನಿಲ್ಲಿಸುತ್ತಾಳೆ. ರಫೀಕ ಹಗರಿಬೊಮ್ಮನಹಳ್ಳಿಯಲ್ಲಿ ಬೇಕರಿ ಇಟ್ಟಿದ್ದಾನೆ.

ಕೊನೆಯ ವರ್ಷ ಹರಪನಹಳ್ಳಿಯ ಕಲ್ಯಾಣ ಮಂಟಪವೊಂದರಲ್ಲಿ ರೋಬೋ ಸ್ಪರ್ಧೆ. ಆ ಹೊತ್ತಿಗೆ ನನಗೆ ಲಾ ಓದುವ ಹುಚ್ಚು ಹಿಡಿದಿತ್ತು, ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ಕೊಟ್ಟೂರಿನ ನಮ್ಮ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಅವರು ಬೆಲ್ಲದ ಜೊತೆ ಎಂಜಿನಿಯರ್ ಮಗನನ್ನೂ ತೂಗಿ ಕೊಡುತ್ತಿದ್ದರು. ಹೇಳಲೋ ಬೇಡವೋ ಎಂದು ನಾನು ಸುತ್ತಿದಲ್ಲೇ ಸುತ್ತುತ್ತಿದ್ದೆ.

ಅಂದು ಅಪ್ಪ ಅಂಗಡಿ ಮುಚ್ಚಿಯೇ ಬಂದರು. ಬಂದವರೇ, ನಾವು ತಡೆಯುವುದರೊಳಗೆ, ರೋಬೋದ ಮುಂಭಾಗಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಅಲ್ಲಿದ್ದದ್ದು ಅದರ ಹಣೆಯಲ್ಲ, ಕಣ್ಣು; ದಾರಿ ನೋಡುವ ಸೆನ್ಸರ್. ಅಪ್ಪನ ಎದುರೇ ಅದನ್ನು ಒರೆಸಲು ನಮಗಾರಿಗೂ ಕೈ ಬರಲಿಲ್ಲ. ಅಡ್ಡ ಬಂದದ್ದನ್ನು ಕಂಡು ಪಕ್ಕಕ್ಕೆ ಸರಿಯಬೇಕಾದ ಗಾಡಿಗೆ ಎತ್ತ ನೋಡಿದರೂ ಗೋಡೆಯೇ ಕಂಡು, ಅದು ನಡುಮಂಟಪದಲ್ಲಿ ಗಿರಗಿರ ತಿರುಗತೊಡಗಿತು.

“ಏನ್ರಿ ಇದು?” ಎಂದರು ತೀರ್ಪುಗಾರರು. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಮೈಕು ಹಿಡಿದೆ.

“ಕೆಟ್ಟಿಲ್ರಿ ಸರ್. ಎಲ್ಲಾ ಕಡಿ ಅಡ್ಡಿ ಐತಿ ಅಂತ ಅದಕ್ಕ ಅನ್ಸೈತಿ. ಆದ್ರೂ ಯಾರಿಗೂ ಡಿಕ್ಕಿ ಹೊಡಿಲಾರದಂಗ ತಿರುಗಾಕ ಹತ್ತೈತಿ. ಇದಕ್ಕಿಂತ ಸಂಭಾವಿತ ಗಾಡಿ ಎಲ್ಲೈತಿ ಹೇಳ್ರಿ?”

ಮಂಟಪವೆಲ್ಲ ನಕ್ಕಿತು. ನನಗೆ ಮಾತ್ರ ಅದು ನನ್ನದೇ ಪಾಡೆನಿಸಿತು. ಬಹುಮಾನ ಬೇರೆಯವರಿಗೆ ಹೋಯಿತು.

ಮರಳುವಾಗ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕದಲ್ಲೇ ಕೂತರು. ಇನ್ನು ತಡೆಯಲಾರೆನೆನಿಸಿ, “ಅಪ್ಪ, ನಾ ಲಾ ಓದ್ತೀನಿ” ಎಂದುಬಿಟ್ಟೆ. ಅವರು ನನ್ನ ಕಡೆ ತಿರುಗಿದರು.

“ಖರೇ ಹೇಳಲೇ, ನನ್ನ ವಿಭೂತಿಯಿಂದ ಕೆಡ್ತೇನು ಅದು?”

“ಇಲ್ಲಪ್ಪ, ಬ್ಯಾಟ್ರಿ ಇಳಿದಿತ್ತು.”

“ಇಳಿದ ಬ್ಯಾಟ್ರಿ ಅಷ್ಟು ಜೋರು ತಿರುಗಸ್ತೈತೇನು?” ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು. “ನನ್ನ ಮಾನ ಉಳಸಾಕ ಮೈಕು ಹಿಡಿದಿ, ಗೊತ್ತಾತು. ವಕೀಲನ ಆಗು. ಸುಳ್ಳು ಹೇಳಾದು ಮಾತ್ರ ಇನ್ನೂ ಕಲೀಬೇಕು ನೋಡು.”