ಕೂಲಿಂಗು ತೆಗೀರಿ

ನಮ್ಮಜ್ಜಿಯ ಬಾಯಲ್ಲಿ ‘ತೆಗೆ’ ಎಂಬ ಮಾತಿಗೆ ಎರಡು ಮುಖ. ಬಾಗಿಲು ತೆಗೆ ಎಂದರೆ ಬರುವವರು ಬರಲಿ; ಲೈಟು ತೆಗೆ ಎಂದರೆ ಸಾಕು, ಮಲಗು. ಆ ಎರಡು ಮುಖಗಳು ಕಡಲಾಚೆಯ ಮಿಲ್ಪಿಟಾಸ್ ಊರಿನ ನಮ್ಮ ಪ್ರಯೋಗಶಾಲೆಯಲ್ಲಿ ಢಿಕ್ಕಿ ಹೊಡೆದಾವೆಂದು ಯಾರೆಣಿಸಿದ್ದರು?

ಅಲ್ಲಿ ನಾವು ಮೂವರು ಕನ್ನಡಿಗರು. ಹಾಸನದ ಹಿರಿಯರೊಬ್ಬರು ಹಡಗಿಗೆಂದು ಸೂಪರ್‌ಕಂಡಕ್ಟಿಂಗ್ ಜನರೇಟರಿನ ಸುರುಳಿಯನ್ನು ವರ್ಷಗಟ್ಟಲೆ ಕೂತು ಸುತ್ತಿದ್ದರು. ಮೈಕೊರೆಯುವ ಚಳಿಯಲ್ಲಿಟ್ಟರೆ ಅದರಲ್ಲಿ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುತ್ತದೆ. ತುಸು ಬೆಚ್ಚಗಾದರೆ ಆ ಗುಣ ಥಟ್ಟನೆ ಹೋಗಿ, ಸುರುಳಿ ತನ್ನ ಬಿಸಿಗೆ ತಾನೇ ಬೇಯುತ್ತದೆ. ಅಂದಿನ ಪರೀಕ್ಷೆ ಗೆದ್ದರೆ ಸುರುಳಿ ಹಡಗು ಹತ್ತುತ್ತಿತ್ತು. ಇಲ್ಲವಾದರೆ ಕೆಲಸವೇ ಮುಚ್ಚಿಹೋಗುತ್ತಿತ್ತು.

ಹಡಗಿನ ದೊಡ್ಡ ಮೋಟರಿನಷ್ಟು ಹೊರೆಯನ್ನು ಒಮ್ಮೆಲೇ ಹೇರಿದೆವು. ಮಾಮೂಲಿ ಜನರೇಟರಾಗಿದ್ದರೆ ವೋಲ್ಟೇಜು ಕುಸಿದು ದೀಪ ಮಂಕಾಗಬೇಕು, ಇದು ಜಗ್ಗಲಿಲ್ಲ. ಆದರೆ ಹೊರೆಯ ಒಂದೊಂದು ಪೆಟ್ಟಿಗೂ ಒಳಗೆ ಬಿಸಿ ಏರುತ್ತಿತ್ತು.

“ಕೂಲಿಂಗು ತೆಗೀರಿ ಮೇಡಮ್, ಬೇಗ!” ಎಂದು ಹಿರಿಯರು ಕೂಗಿದರು.

ತಂಪಿನ ಯಂತ್ರದ ಮುಂದಿದ್ದ ಧಾರವಾಡದ ಗೆಳತಿ ಅದನ್ನು ಆರಿಸಿಬಿಟ್ಟಳು.

ಅಪಾಯದ ಗಂಟೆ ಹೊಡೆಯಿತು. ರಕ್ಷಣೆಯ ಸ್ವಿಚ್ಚು ಸುರುಳಿಯ ಶಕ್ತಿಯನ್ನೆಲ್ಲ ಹೊರಗೆ ಚೆಲ್ಲಿತು. ಜೊತೆಗಿದ್ದ ಮಾಮೂಲಿ ಜನರೇಟರು ಅಷ್ಟೂ ಹೊರೆಗೆ ಹೆಗಲು ಕೊಡಲಾರದೆ ಏದುಸಿರು ಬಿಟ್ಟಿತು. ಅರ್ಧ ದೀಪಗಳು ಹೋದವು. ನಡುಗಡಲಿನಲ್ಲಿ ಹೀಗಾದರೆ ಪಕ್ಕದೂರಿನಿಂದ ಲೈನು ಎಳೆಯಲಾದೀತೇ?

“ಸರ್, ನಮ್ಮನ್ಯಾಗ ಫ್ಯಾನ್ ತಗಿ ಅಂದ್ರ ಬಂದ್ ಮಾಡೂದ್ರೀ...” ಗೆಳತಿ ಯಂತ್ರವನ್ನು ಮತ್ತೆ ಚಾಲೂ ಮಾಡುತ್ತ ಅಂದಳು.

“ನಮ್ಮನೇಲೂ ಹಂಗೇ ಕಣಮ್ಮ. ನಾನು ನಲ್ಲಿ ತೆಗಿ ಅನ್ನೋ ಥರ, ಇನ್ನೂ ಜಾಸ್ತಿ ಬಿಡು ಅಂತ ಅಂದೆ. ಇಡೀ ದಿನ ಆಫೀಸಲ್ಲಿ ಇಂಗ್ಲಿಷು, ಗಾಬರಿ ಆದಾಗ ಮಾತ್ರ ಕನ್ನಡಾಭಿಮಾನ ಉಕ್ಕತ್ತೆ ನೋಡು.”



ಸುರುಳಿ ಮತ್ತೆ ತಣ್ಣಗಾಗುವವರೆಗೆ ಅದು ಉಳಿದಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಹಿರಿಯರು ದಿನವೂ ಎವರ್‌ಗ್ರೀನ್ ಬಡಾವಣೆಯ ತಮ್ಮ ಮನೆಯಿಂದ ಎಲ್ಲರಿಗಿಂತ ಮೊದಲೇ ಬಂದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಆಸ್ಪತ್ರೆಯಲ್ಲಿ ಕೂತವರ ಹಾಗೆ. ಕೊನೆಗೊಮ್ಮೆ ವಿದ್ಯುತ್ತನ್ನು ಮೆಲ್ಲಗೆ ಏರಿಸಿದರು. ಅರ್ಧದವರೆಗೂ ತಡೆ ತೋರಿಸುವ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಗೆಳತಿ ನನ್ನ ಕೈ ಹಿಡಿದುಕೊಂಡಳು. ಅದರಾಚೆ ಮುಳ್ಳು ಎದ್ದಿತು. ಒಳಗೆಲ್ಲೋ ಒಂದು ಸುತ್ತು ಬೆಂದುಹೋಗಿತ್ತು.

“ಹಡಗು ಹತ್ತಲ್ಲ ಇದು,” ಎಂದರು ಹಿರಿಯರು.

ಗೆಳತಿ ಏನೋ ಹೇಳಹೋದಳು. ಹಿರಿಯರು ಬೇಡವೆಂದು ತಲೆಯಾಡಿಸಿ, ನಿದ್ದೆ ಹತ್ತಿದ ಕೂಸಿನ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳುವವರಂತೆ, ಬಹಳ ನಿಧಾನವಾಗಿ ವಿದ್ಯುತ್ತನ್ನು ಇಳಿಸತೊಡಗಿದರು.