ಮರುಳಪ್ಪನ ಎದೆಯೊಳಗಿನ ನೀರು

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವ ಮರುಳಪ್ಪನ ಅಂಗಡಿಗೆ ಎರಡು ಬಗೆಯ ಜನ ಬರುತ್ತಿದ್ದರು. ಒಂದು ಬಗೆಯವರು ಗುಂಡಿಗೆ ಬಂದವರು. ಇನ್ನೊಂದು ಬಗೆಯವರು ಕೈಯಲ್ಲಿ ಲ್ಯಾಬಿನ ಕಾಗದ ಹಿಡಿದು ಬಂದವರು. ಮರುಳಪ್ಪನ ಓದು ಹತ್ತನೇ ತರಗತಿಗೆ ನಿಂತಿತ್ತು, ಅದೂ ಎರಡನೇ ಸಲಕ್ಕೆ ಪಾಸು. ಆದರೇನು, ಕಾಗದದಲ್ಲಿ ದಪ್ಪಗೆ ಅಚ್ಚಾದ ಅಂಕಿಯ ಮೇಲೆ ಬೆರಳಿಟ್ಟು, ಕನ್ನಡಕ ಹಣೆಗೇರಿಸಿ, "ಹ್ಞೂಂ..." ಎಂದು ಎಳೆದನೆಂದರೆ ಎದುರಿಗಿದ್ದವನ ಅರ್ಧ ರೋಗ ಅಲ್ಲೇ ಇಳಿಯುತ್ತಿತ್ತು. ಉಳಿದರ್ಧಕ್ಕೆ ಅವನ ಬಳಿ ಎರಡೇ ಕಾರಣಗಳಿದ್ದವು: ಸೊಂಟದಿಂದ ಮೇಲೆ ಏನೇ ಆದರೂ ಗ್ಯಾಸು, ಕೆಳಗೆ ಏನೇ ಆದರೂ ಉಷ್ಣ.

"ಸೊಂಟಕ್ಕೇ ಬ್ಯಾನಿ ಬಂದ್ರ ಏನಂತೀರಿ?" ಎಂದು ಹೆಂಡತಿ ಬಸವರಾಜೇಶ್ವರಿ ಒಮ್ಮೆ ಕೇಳಿದ್ದಳು.

ಮರುಳಪ್ಪ ಗಂಭೀರವಾಗಿ ಯೋಚಿಸಿ, "ಎರಡೂ ಕೂಡ್ಯಾವು ಅಂತ ತಿಳಕೋಬೇಕು" ಎಂದಿದ್ದ. ಅವತ್ತಿನಿಂದ ಅವಳು ಕೇಳುವುದನ್ನೇ ಬಿಟ್ಟಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮರುಳಪ್ಪ ಸೊರಗತೊಡಗಿದ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಎರಡು ತಿಂಗಳಲ್ಲಿ ಹೊಟ್ಟೆ ಕರಗಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಊರಿನವರ ಕಣ್ಣಿಗೆ ಅದು ರೋಗವಾಗಿ ಕಾಣಲಿಲ್ಲ, ಸಾಧನೆಯಾಗಿ ಕಂಡಿತು.

"ಏನ್ರಿ ಮರುಳಪ್ಪಾರ, ಹೊಟ್ಟಿ ಹೆಂಗ ಕರಗಿಸಿದ್ರಿ?"

"ನಾಲಿಗಿ ಮ್ಯಾಲೆ ಹಿಡಿತ ಇರಬೇಕ್ರಿ" ಎಂದು ಅವನು ಆ ಕೀರ್ತಿಯನ್ನೂ ಹೊತ್ತುಕೊಂಡ. ವ್ಯಾಪಾರಿಗಳ ಸಂಘದ ಸಭೆಯಲ್ಲಿ ಅವನಿಂದ ಮಿತಾಹಾರದ ಬಗ್ಗೆ ಭಾಷಣ ಮಾಡಿಸಿದರು. ನಡುವೆ ಉಸಿರು ಸಾಲದೆ ಮೇಜು ಹಿಡಿದು ನಿಂತ. ಭಾವುಕನಾದನೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಉಸಿರಾಟ ಕೈಕೊಡುತ್ತಲೇ ಹೋಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಲಗಿದರೆ ಯಾರೋ ಎದೆಯ ಮೇಲೆ ಕೂತಂತೆ, ಎದ್ದು ಮುಂದಕ್ಕೆ ಬಾಗಿ ಕೂತರೆ ತುಸು ಹಗುರ. ಗ್ಯಾಸೆಂದು ಸೋಡಾ ಕುಡಿದ, ಜೀರಿಗೆ ಅಗಿದ. "ಡಾಕ್ಟರಿಗೆ ತೋರಿಸೋಣು ಬರ್ರಿ" ಎಂದು ಬಸವರಾಜೇಶ್ವರಿ ಹೇಳಿದ್ದಕ್ಕೆ, "ಅವರು ನನಗ ಏನು ಹೇಳ್ತಾರ?" ಎಂದ. ಕಾಲು ಊದಿದಾಗ ಪಕ್ಕದ ಪಾತ್ರೆ ಅಂಗಡಿಯ ಸಣ್ಣಬಸಪ್ಪ ತನ್ನ ತಾಯಿಗೆಂದು ತಂದಿಟ್ಟಿದ್ದ ನೀರಿನ ಮಾತ್ರೆಗಳಲ್ಲಿ ಕೆಲವನ್ನು ಇಸಿದುಕೊಂಡು ನುಂಗಿದ. ಮೂತ್ರ ಧಾರಾಳವಾಗಿ ಹೋಯಿತು, ಬಾವು ತುಸು ಇಳಿಯಿತು. ತನ್ನ ವಿದ್ಯೆಯ ಬಗ್ಗೆ ತನಗೇ ಹೆಮ್ಮೆಯಾಯಿತು.

ಮೂರನೇ ದಿನ ಯಾರದೋ ಥೈರಾಯಿಡ್ ರಿಪೋರ್ಟ್ ಓದುತ್ತಿದ್ದವನು ಕಣ್ಣು ಕತ್ತಲೆಗಟ್ಟಿ ಗುಂಡಿಯ ಡಬ್ಬಗಳ ಮೇಲೆ ಕುಸಿದ. ಕಾಗದ ತಂದಿದ್ದ ಗೋಪಣ್ಣ ಬಗ್ಗಿ, "ಮುಂದ ಏನಂತ ಬರದಾರ್ರಿ?" ಎಂದು ಕೇಳಿದ. ಉತ್ತರ ಬರದಿದ್ದಾಗಲೇ ಅವನು ಗಾಬರಿಯಾಗಿ ಕೂಗಿದ್ದು.

ಬಸವರಾಜೇಶ್ವರಿ ಓಡಿ ಬರುವಷ್ಟರಲ್ಲಿ ಅಂಗಡಿಯ ಮುಂದೆ ಅರ್ಧ ಡಜನ್ ವೈದ್ಯರು ಸೇರಿದ್ದರು. ಒಬ್ಬ ಉಪ್ಪು ನೀರು ಎಂದ, ಇನ್ನೊಬ್ಬ ಸಕ್ಕರೆ ನೀರು ಎಂದ, ಮತ್ತೊಬ್ಬ ತೆಲುಗಿನಲ್ಲಿ "ಏಮೀ ಕಾದು, ಏಮೀ ಕಾದು" ಎಂದು, ಏನೂ ಆಗುವುದಿಲ್ಲವೆಂಬ ಧೈರ್ಯ ಹೇಳುತ್ತಾ ಗಾಳಿ ಬೀಸುತ್ತಿದ್ದ. ಮರುಳಪ್ಪನಿಗೆ ಎಚ್ಚರ ಬಂದಿತ್ತು, ಆದರೆ ಕೈ ತಣ್ಣಗಿತ್ತು, ಹಣೆ ಬೆವರಿತ್ತು. ಮೂವತ್ತು ವರ್ಷ ಬಾಯಿ ಬಿಗಿಹಿಡಿದಿದ್ದ ಹೆಂಗಸು ಒಮ್ಮೆಲೇ ಗುಡುಗಿದಳು: "ನೀವೆಲ್ಲ ಡಾಕ್ಟರು ಆಮ್ಯಾಲೆ ಆಗ್ರಿ! ಮೊದ್ಲು ಒಂದು ಕಾರು ತರ್ರಿ!"

ಬಳ್ಳಾರಿಯ ದಾರಿ. ಓಬಳಾಪುರದ ಕಡೆ ಅದಿರು ಲಾರಿಗಳು ಅಗೆದಿಟ್ಟ ರಸ್ತೆ. ಮುಂದಿನ ಸೀಟಿಗೆ ಹಣೆ ಆನಿಸಿ ಕೂತಿದ್ದ ಮರುಳಪ್ಪ ಎರಡು ಉಸಿರುಗಳ ನಡುವೆ, "ಕುಲುಕಾಟಕ್ಕ... ಗ್ಯಾಸು... ಮ್ಯಾಲೆ ಏರೈತಿ" ಎಂದು ಡ್ರೈವರನಿಗೆ ವಿವರಿಸುತ್ತಿದ್ದ. ಬಸವರಾಜೇಶ್ವರಿ ಅವನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಉಷಾರಾಣಿ ಅವನ ನಾಡಿ ಹಿಡಿದು, "ಉಸಿರು ಒಳಗ ಎಳೀರಿ" ಎಂದಳು. ಎಳೆದಾಗಲೆಲ್ಲ ನಾಡಿ ಅವಳ ಬೆರಳಡಿಯಿಂದ ಜಾರಿ ಹೋಗುತ್ತಿತ್ತು. ಕೊರಳ ನರಗಳು ಹಗ್ಗದಂತೆ ಉಬ್ಬಿದ್ದವು. ಬಿಪಿ ಎಂಬತ್ತಕ್ಕೆ ಇಳಿದಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಬಡಿತ ಪಕ್ಕದ ಓಣಿಯಿಂದ ಕೇಳಿಬಂದಂತಿತ್ತು. ಅವಳು ಕೂಡಲೇ ಎಕೋ ಯಂತ್ರ ತರಿಸಿ, ಪರದೆಯನ್ನು ಅವನತ್ತ ತಿರುಗಿಸಿದಳು.

"ನೋಡ್ರಿ, ಇದು ನಿಮ್ಮ ಹೃದಯ. ಸುತ್ತ ಕರ್ರಗ ಕಾಣೋದು ನೀರು. ಹೃದಯದ ಸುತ್ತ ಒಂದು ಚೀಲ ಇರ್ತೈತಿ. ಅದರಾಗ ಎರಡು ಮೂರು ಚಮಚ ನೀರು ಇದ್ರ ಸಾಕು. ನಿಮಗ ಲೀಟರಿನ ಹತ್ರ ತುಂಬೈತಿ. ನಿಧಾನಕ್ಕ ತುಂಬಿದ್ದಕ್ಕ ಇಷ್ಟು ದಿನ ತಡಕೊಂಡೀರಿ. ಇನ್ನ ಚೀಲ ಹಿಗ್ಗಂಗಿಲ್ಲ. ಹೃದಯ ಬಡೀತೈತಿ, ಆದ್ರ ಅರಳಿ ರಕ್ತ ತುಂಬಿಕೊಳ್ಳಾಕ ಜಾಗ ಇಲ್ಲ. ಟ್ಯಾಂಪೊನೇಡ್ ಅಂತೀವಿ."

"ಟೆಂಪೋ...?"

"ಟೆಂಪೋ ಅಲ್ರಿ."

"ಗ್ಯಾಸು ಒತ್ತಿ ಹಿಂಗಾಗಿರಬೇಕು" ಎಂದು ಮರುಳಪ್ಪ ಸಲಹೆ ಕೊಟ್ಟ.

"ಗ್ಯಾಸಿಗೆ ಅಲ್ಲಿಗೆ ದಾರೀನ ಇಲ್ಲ. ಮನ್ಯಾಗ ಏನು ಮಾತ್ರೆ ತಗೊಂಡ್ರಿ?" ನೀರಿನ ಮಾತ್ರೆಯ ಕಥೆ ಕೇಳಿ ಅವಳು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಹೃದಯಕ್ಕ ರಕ್ತ ಸಿಗದ ಒದ್ದಾಡಾಕತ್ತೈತಿ. ನೀವು ರಕ್ತದಾಗ ಇದ್ದ ನೀರನ್ನೂ ಬತ್ತಿಸಿದ್ರಿ! ಈಗ ಸೂಜಿ ಹಾಕಿ ನೀರು ತೆಗೀಬೇಕು. ತಡ ಮಾಡಿದ್ರ ಉಳಿಯಂಗಿಲ್ಲ."

ಮರುಳಪ್ಪ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡ. ಅವಳು ಬಿಡಿಸಿಕೊಂಡು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ಮತ್ತೆ ಬಂದು ಹಿಡಿದಳು.

ಒಂದು ಕಡೆ ಸಲೈನು ಹರಿಸುತ್ತಾ, ಎದೆಗೂಡಿನ ಕೆಳಗೆ ಮರಗಟ್ಟಿಸಿ, ಪರದೆ ನೋಡಿಕೊಳ್ಳುತ್ತಾ ಉಷಾರಾಣಿ ಉದ್ದನೆಯ ಸೂಜಿ ತೂರಿಸಿದಳು. ಕೆಂಪು ಬೆರೆತ ನೀರು ಕೊಳವೆಯಲ್ಲಿ ಇಳಿಯತೊಡಗಿತು. ಒಂದು ಲೋಟದಷ್ಟು ಹೋಗಿತ್ತೋ ಇಲ್ಲವೋ, ಎದೆಯ ಮೇಲೆ ಕೂತಿದ್ದವನು ಎದ್ದು ಹೋದಂತಾಯಿತು. ಬಿಪಿ ಏರಿತು. ವಾರಗಳ ಮೇಲೆ ಅವನು ಎದೆ ತುಂಬ ಉಸಿರೆಳೆದ. ಕಣ್ಣಲ್ಲಿ ತಾನಾಗಿ ನೀರು ಬಂತು. ಉಳಿದ ನೀರೂ ಇಳಿದುಹೋಗಲೆಂದು ಎರಡು ದಿನ ಕೊಳವೆಯನ್ನು ಹಾಗೆಯೇ ಬಿಟ್ಟರು.

"ಇದಕ್ಕ ಕಾರಣ ಬಹಳ" ಎಂದಳು ಉಷಾರಾಣಿ. "ಎದಿಗೆ ಪೆಟ್ಟು ಬಿದ್ರೂ ಆಗ್ತೈತಿ, ಕಿಡ್ನಿ ಸೋತ್ರೂ ಆಗ್ತೈತಿ, ಕ್ಯಾನ್ಸರಿಗೂ ಆಗ್ತೈತಿ. ನಮ್ಮ ಕಡೆ ಮೊದಲು ಹುಡುಕೋದು ಟಿಬಿ." ನೀರಿನ ಪರೀಕ್ಷೆಯಲ್ಲಿ ಟಿಬಿಯೇ ಸಿಕ್ಕಿತು. ಆರು ತಿಂಗಳು ಮಾತ್ರೆ, ಒಂದೂ ತಪ್ಪಿಸುವಂತಿಲ್ಲ.

ಮರುಳಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಮೇಡಂ, ಕಾಗದದಾಗ ಹಾರ್ಟು ಅಂತ ಬರೀರಲ್ಲ. ಹಾರ್ಟಂದ್ರ ಊರಾಗ ಮರ್ಯಾದಿ ಐತಿ."

ಅವಳು ಬರೆಯಲಿಲ್ಲ. ಊರಿಗೆ ಬಂದ ಮೇಲೆ ಅವನೇ ಬಾಯಲ್ಲಿ ಬರೆದುಕೊಂಡ. ಮೊದಲ ವಾರ ನೋಡಲು ಬಂದವರಿಗೆ ಸೂಜಿ ಎಂದ. ಎರಡನೇ ವಾರ ಅದು ಕತ್ತಿಯಾಯಿತು. ಮೂರನೇ ವಾರಕ್ಕೆ ಎದೆ ಬಿಚ್ಚಿ ಹೊಲಿದಿದ್ದರು. ಜನ ಬೆರಗಾಗಿ ಹಣ್ಣು ಇಟ್ಟು ಹೋದರು.

ಆ ವಾರವೇ ಊರಿನ ಸರ್ಕಾರಿ ನರ್ಸಮ್ಮ ದುರ್ಗಾ ಮನೆಗೆ ಮಾತ್ರೆಯ ಡಬ್ಬಿ ತಂದು, "ನಿಮ್ಮ ಕಫದಾಗ ಏನೂ ಇಲ್ರಿ, ನಿಮ್ಮಿಂದ ಯಾರಿಗೂ ಭಯ ಇಲ್ಲ. ಆದ್ರ ನಿಮಗ ಯಾರಿಂದರೆ ಬಂದಿರ್ತೈತಿ. ಬಹಳ ದಿನ ಕೆಮ್ಮಿದೋರು ಯಾರಾದ್ರೂ ಗೊತ್ತದಾರೇನು?" ಎಂದು ಕೇಳಿದಳು.

ಇಲ್ಲ ಎಂದುಬಿಟ್ಟ. ದುರ್ಗಾ ಹೋದ ಮೇಲೆ ಹೊಲಿಗೆ ಯೂನಿಟ್ಟಿನ ಮೈಲಾರಮ್ಮ ದಾರ ಒಯ್ಯಲು ಬಂದಾಗಲೆಲ್ಲ ಕೆಮ್ಮುತ್ತಿದ್ದುದು ನೆನಪಾಯಿತು. "ಕೆಮ್ಮು ಹತ್ತಿ ತಿಂಗಳಾತು ಅಣ್ಣ" ಎಂದು ಅವಳು ಹೇಳಿದ್ದಳು. "ಜೀನ್ಸಿನ ಧೂಳು, ಬೆಲ್ಲ ತಿನ್ನು" ಎಂದಿದ್ದ. ಅವಳಿಗೆ ಎರಡು ಚಿಕ್ಕ ಮಕ್ಕಳು. ಬೆಲ್ಲ ತಿನ್ನುತ್ತಾ ಅವಳು ಸತ್ತರೆ? ಅವಳಿಗೆ ಹೇಳಬೇಕಾದರೆ ತನ್ನದನ್ನೂ ಹೇಳಬೇಕು. ಎರಡು ದಿನ ಒದ್ದಾಡಿದ. ಮೂರನೇ ದಿನ ಬೆಳಿಗ್ಗೆ ಬಸವರಾಜೇಶ್ವರಿಯ ಮುಂದೆ ಬಾಯಿಬಿಟ್ಟ. ಅವಳು ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟಳು, ಅಷ್ಟೆ.

ಯೂನಿಟ್ಟಿನಲ್ಲಿ ಇಪ್ಪತ್ತು ಮಷೀನುಗಳ ಗದ್ದಲ. ಮೆಲ್ಲಗೆ ಹೇಳೋಣವೆಂದರೆ ಮೈಲಾರಮ್ಮನಿಗೆ ಕೇಳಿಸಲೊಲ್ಲದು. ಕೊನೆಗೆ ಅವನು ಕೂಗಿಯೇಬಿಟ್ಟ: "ನನಗ ಟಿಬಿ ಆಗೈತಿ ತಾಯಿ! ಎದಿ ಬಿಚ್ಚಿದ್ದು ಸುಳ್ಳು! ನೀನೂ ಹೋಗಿ ಕಫ ತೋರಿಸು!"

ಮಷೀನುಗಳು ಒಂದೊಂದಾಗಿ ನಿಂತವು.

ಮೈಲಾರಮ್ಮ ಪ್ಯಾಂಟು ಕೆಳಗಿಟ್ಟು, "ನೀವು ಬೆಲ್ಲ ತಿನ್ನು ಅಂದ ದಿನಾನ ನಾನು ದವಾಖಾನಿಗೆ ಹೋಗಿದ್ದೆ ಅಣ್ಣ. ಮಾತ್ರಿ ನುಂಗಾಕತ್ತಿ ನಾಕು ತಿಂಗಳಾತು. ಮಕ್ಕಳಿಗೂ ತೋರಿಸೀನಿ" ಎಂದಳು. ಆಮೇಲೆ ತುಸು ಮುಜುಗರದಿಂದ, "ನಿಮ್ಮ ಮಾತು ನಂಬಿ ಯಾರು ಕುಂದರ್ತಾರ್ರಿ? ಹಿರೇರು ಅದೀರಿ, ಬ್ಯಾಸರ ಆಗಬಾರ್ದು ಅಂತ ಕೇಳ್ತಿದ್ವಿ" ಎಂದಳು.

ಉಳಿದ ಹೆಂಗಸರು ತಲೆ ತಗ್ಗಿಸಿ ನಗು ನುಂಗಿದರು. ಇಷ್ಟು ವರ್ಷ ತನ್ನ ವೈದ್ಯವನ್ನು ಪೂರ್ತಿ ನಂಬಿದ್ದವನು ತಾನೊಬ್ಬನೇ ಎಂದು ಮರುಳಪ್ಪನಿಗೆ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಅವಳು ಬದುಕುತ್ತಾಳಲ್ಲ ಎಂದು ಜೀವ ಹಗುರವಾಯಿತು. ಮೈಲಾರಮ್ಮ ಸ್ಟೂಲು ಎಳೆದು ಕೂರಿಸಿ, ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕೆಂದೂ, ಮೂತ್ರ ಕೆಂಪಗಾದರೆ ಹೆದರಬಾರದೆಂದೂ ತಿಳಿಸಿ ಹೇಳಿದಳು. ಅವನು ಒಂದೊಂದನ್ನೂ ಬೆರಳು ಮಡಿಚಿ ಎಣಿಸಿಕೊಂಡ.

ಆ ಕೂಗು ಕೇಳಿದವರಲ್ಲಿ ಇಬ್ಬರು, ತಮ್ಮ ಕೆಮ್ಮನ್ನೂ ತೋರಿಸಿಕೊಳ್ಳುತ್ತೇವೆಂದು ಮರುದಿನ ಹೊರಟರು. ಕರೆದುಕೊಂಡು ಹೋದವಳು ಮೈಲಾರಮ್ಮ. ಜೊತೆಗೆ ಹೋದ ಮರುಳಪ್ಪ, ಸರ್ಕಾರಿ ಆಸ್ಪತ್ರೆಯ ಬೇವಿನ ಮರದಡಿ ಅವರ ಚೀಲಗಳನ್ನು ಕಾಯುತ್ತಾ ಬಾಯಿ ಮುಚ್ಚಿಕೊಂಡು ಕೂತಿದ್ದ.