ಮೈಲುತುತ್ತದ ಬೀಜ, ಬರಿ ಬೀಜ

ಬಳ್ಳಾರಿ ಸೀಮೆಯಲ್ಲಿ ಬೇಸಾಯದ ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡಿದವರಲ್ಲಿ, ಈ ತಿಂಗಳು ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮಾನ್ ಜಯತೀರ್ಥರಾಯರ ಹೆಸರು ಮೊದಲು ಬರತಕ್ಕದ್ದು. ಸಿರುಗುಪ್ಪದಲ್ಲಿ ಹುಟ್ಟಿ, ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಬೇಸಾಯದ ಇನ್ಸ್‌ಪೆಕ್ಟರಾದ ರಾಯರು ಕಂಡ ಗೆಲುವುಗಳು ಹಲವು. ಆದರೆ ಅವರ ಕೈಕೆಳಗೆ ದುಡಿದವರಿಗೆಲ್ಲ ಹೆಚ್ಚು ಕಲಿಸಿದ್ದು ಅವರು ದಿಕ್ಕು ತೋಚದೆ ಕಳೆದ ಒಂದು ವರ್ಷ.

ಅದು ೧೮೮೯. ಕುರುಗೋಡಿನ ಸುತ್ತ ಜೋಳದ ತೆನೆಗಳು ಕಾಡಿಗೆ ರೋಗದಿಂದ ಕರಿಪುಡಿಯಾಗುತ್ತಿದ್ದವು. ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಬಿತ್ತಿದರೆ ರೋಗ ಬಾರದೆಂಬ ಮಾತಿತ್ತು. ನಿಜವೇ ಎಂದು ನೋಡಲು ರಾಯರು ಒಂದೇ ಹೊಲವನ್ನು ಇಬ್ಭಾಗ ಮಾಡಿದರು. ರೈತ ಸುಂಕಪ್ಪನ ಹೊಲದಿಂದ ತಂದ ಒಂದೇ ಬೀಜ, ಒಂದೇ ದಿನದ ಬಿತ್ತನೆ, ಒಂದೇ ಕೂರಿಗೆ. ಅರ್ಧಕ್ಕೆ ಅದ್ದಿದ ಬೀಜ, ಅರ್ಧಕ್ಕೆ ಬರಿ ಬೀಜ, ಇಷ್ಟೇ ಭೇದ. ಅದ್ದುವ ಕೆಲಸ ಕೂಲಿಯ ಯಂಕಮ್ಮನದು.

ತೆನೆ ಬಂದಾಗ ಎರಡು ಭಾಗಗಳಲ್ಲೂ ಒಂದೇ ಒಂದು ಕರಿ ತೆನೆಯಿಲ್ಲ! ಅದೇ ಬೀಜ ಬಿತ್ತಿದ್ದ ಸುಂಕಪ್ಪನ ಹೊಲವಾದರೋ ಕಾಡಿಗೆಮಯ. ಔಷಧ ಮಣ್ಣಿನಲ್ಲಿ ಹರಿಯಿತೇ? ಗಾಳಿ ಅಡ್ಡವಾಯಿತೇ? ಚೀಲ ಅದಲುಬದಲಾಯಿತೇ? ರಾಯರು ಬದುವಿನ ಮೇಲೆ ಅತ್ತಿಂದಿತ್ತ ತಿರುಗಿದರು, ಒಂದೂ ಬಗೆಹರಿಯಲಿಲ್ಲ. ಅಷ್ಟರಲ್ಲಿ ಔಷಧ ಗೆದ್ದಿತೆಂದು ವರದಿ ಬರೆದರೆ ಬಡ್ತಿ ಖಂಡಿತವೆಂದು ಮೇಲಧಿಕಾರಿಯ ಕಾಗದ ಬಂತು.

"ಔಷಧ ಹಾಕಿದ್ದಕ್ಕ ರೋಗ ಬರಲಿಲ್ಲ ಅಂತ ಬರೀರಿ. ಅದೇನು ಸುಳ್ಳಲ್ಲಲ್ಲ?" ಎಂದರು ಪತ್ನಿ ಗಂಗಾಬಾಯಿ.

"ಸುಳ್ಳಲ್ಲ. ಆದರ ಹಾಕದಿದ್ದಕ್ಕೂ ಬರಲಿಲ್ಲ. ಖರೆ ಯಾವುದು ಅಂತ ನನಗೇ ತಿಳೀವಲ್ದು."

ಪ್ರಯೋಗದಿಂದ ಏನೂ ಸಿದ್ಧವಾಗಲಿಲ್ಲವೆಂದೇ ಬರೆದರು. ಬಡ್ತಿ ಇನ್ನೊಬ್ಬರ ಪಾಲಾಯಿತು.

ಅವರ ಪರದಾಟ ನೋಡಲಾರದೆ ಒಂದು ದಿನ ಯಂಕಮ್ಮ ಮುಂದೆ ಬಂದು ನಿಂತಳು. "ಸಾಮಿ, ಒಂದಕ್ಕ ಔಷಧ ಕೊಟ್ಟು ಇನ್ನೊಂದನ್ನ ಹಂಗ ಸಾಯಾಕ ಬಿಡಾದು ಮನಸ್ಸಿಗೆ ಬರಲಿಲ್ರಿ. ಎರಡೂ ಅದ್ದೀನಿ. ಕೆಲಸದಿಂದ ತೆಗೀಬ್ಯಾಡ್ರಿ."

 ರಾಯರು, "ತಪ್ಪು ನಿಂದಲ್ಲವ್ವ. ಯಾಕ ಬಿಡಬೇಕು ಅಂತ ನಾನು ನಿನಗ ಹೇಳಲೇ ಇಲ್ಲ" ಎಂದು, ಔಷಧದ ಪರವಾಗಿ ಸಾಕ್ಷಿ ನುಡಿಯಬೇಕಾದದ್ದು ಬರಿ ಬೀಜವೇ ಎಂಬುದನ್ನು ಆಕೆಗೆ ಬಿಡಿಸಿ ಹೇಳಿದರು. ಅವಳನ್ನು ಕೆಲಸದಲ್ಲಿ ಉಳಿಸಿಕೊಂಡದ್ದಲ್ಲದೆ, ಮರುವರ್ಷ ಇನ್ನೂ ದೊಡ್ಡ ಹೊಣೆ ಒಪ್ಪಿಸಿದರು. ಹನ್ನೆರಡು ಸಾಲು; ಆರಕ್ಕೆ ಅದ್ದಿದ ಬೀಜ, ಆರಕ್ಕೆ ಬರಿದು, ಕ್ರಮವಿಲ್ಲದೆ ಬೆರೆಸಿ. ಯಾವುದು ಯಾವುದೆಂಬುದು ಯಂಕಮ್ಮನಿಗೆ ಮಾತ್ರ ಗೊತ್ತು.

"ನನಗ ಹೇಳಬ್ಯಾಡ. ಗೊತ್ತಾದ್ರ ನನ್ನ ಕಣ್ಣು ನನ್ನ ಮಾತೇ ಕೇಳ್ತಾವ" ಎಂದಿದ್ದರು ರಾಯರು.

ಕರಿ ತೆನೆಗಳನ್ನು ಎಣಿಸಿ ಬರೆದ ಮೇಲೆಯೇ ಆಕೆ ಗುಟ್ಟು ಬಿಟ್ಟಳು. ಬರಿ ಬೀಜದ ಆರೂ ಸಾಲುಗಳಿಗೆ ರೋಗ. ಅದ್ದಿದ ಐದು ಸಾಲು ಸ್ವಚ್ಛ. ಆದರೆ ಅದ್ದಿದ ಇನ್ನೊಂದು ಸಾಲಿಗೂ ರೋಗ! "ಅದ್ದೀನಿ ಸಾಮಿ, ಆಣಿ ಮಾಡಿ ಹೇಳ್ತೀನಿ" ಎಂದಳು ಯಂಕಮ್ಮ. ರಾಯರು ಆಕೆಯನ್ನು ನಂಬಿದರು. ಆ ಸಾಲನ್ನೂ ಇದ್ದಂತೆಯೇ ವರದಿಗೆ ಸೇರಿಸಿ, "ಕಾರಣ ತಿಳಿಯದು" ಎಂದು ಬರೆದರು.

ಹತ್ತು ವರ್ಷವಾದರೂ ಅದು ತಿಳಿದಿಲ್ಲ. ಸನ್ಮಾನದ ಶಾಲು ಮಡಿಸಿಟ್ಟು ರಾಯರೀಗ ಕುರುಗೋಡಿನಲ್ಲಿ ಅರ್ಧ ಎಕರೆ ಗುತ್ತಿಗೆ ಹಿಡಿಯಲು ಹೊರಟಿದ್ದಾರೆ; ಯಂಕಮ್ಮನೂ ಬರಲೊಪ್ಪಿದ್ದಾಳೆ. ಕಾರಣ ಸಿಕ್ಕುವವರೆಗೂ, ಸಿಕ್ಕ ಮೇಲೆ ಹುಟ್ಟುವ ಹೊಸ ಸಂಶಯ ತೀರುವವರೆಗೂ, ಬಿತ್ತನೆಯ ಮೇಲೆ ಬಿತ್ತನೆ ಕಾಣುವಷ್ಟು ಆಯುಷ್ಯವನ್ನು ಭಗವಂತನು ಅವರಿಬ್ಬರಿಗೂ ದಯಪಾಲಿಸಲಿ.